ಲಾಭ, ಎರಡು, ಮೂರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತ ಒಂದು ಪ್ರಶ್ನೆ ಕೇಳಿದ. ಅವನೂ ಈಗ ನಿವೃತ್ತನೇ. “ಸಾರ್, ಪ್ರಾರ್ಥನೆಯ ಸಾಲಿನಲ್ಲಿ ನಮ್ಮನ್ನ ಎಣಿಸುವಾಗ ಮೊದಲನೆಯವನ ತಲೆ ಮುಟ್ಟಿ ‘ಲಾಭ’ ಅಂತಿದ್ರಿ, ಆಮೇಲೆ ಎರಡು, ಮೂರು ಅಂತ ಹೋಗ್ತಿದ್ರಿ. ನಾನು ಗಿಡ್ಡ, ಯಾವಾಗಲೂ ಮುಂದೆಯೇ ನಿಲ್ತಿದ್ದೆ. ಹುಡುಗರು ನನಗೆ ಲಾಭ ಅಂತಲೇ ಹೆಸರಿಟ್ಟುಬಿಟ್ಟಿದ್ದರು. ಅದ್ಯಾಕೆ ಸಾರ್ ಹಾಗೆ ಎಣಿಸ್ತಿದ್ರಿ?”

ನಾನು ಬೇಕೆಂದು ಹಾಗೆ ಎಣಿಸಿದವನಲ್ಲ. ಮೂವತ್ತಾರು ವರ್ಷ ಗಣಿತ ಹೇಳಿಕೊಟ್ಟರೂ ನಾಲಗೆ ಮಾತ್ರ ನಮ್ಮ ಅಪ್ಪನ ಕಣದಲ್ಲಿ ಕಲಿತದ್ದನ್ನು ಬಿಡಲಿಲ್ಲ, ಅಷ್ಟೆ. ಅವನಿಗೆ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಿದೆ. ಆದರೆ ಅಂದಿನಿಂದ ಆ ಕಣ, ಆ ಸಂತೆ, ಆ ಜಾತ್ರೆ ಮನಸ್ಸಿನಿಂದ ಕದಲಲಿಲ್ಲ. ಹಾಗಾಗಿ ಈ ಬರಹ.

ನಮ್ಮದು ತುಮಕೂರು ಜಿಲ್ಲೆಯ ಮಧುಗಿರಿ ಸೀಮೆ. ರಾಗಿಯೇ ಬೆಳೆ, ರಾಗಿಯೇ ಹಣ. ಕಣದಲ್ಲಿ ರಾಶಿ ಮಾಡಿ, ಸಗಣಿಯ ಬೆನಕನಿಗೆ ಗರಿಕೆ ಸಿಕ್ಕಿಸಿ, ಪೂಜೆಯಾದ ಮೇಲೆಯೇ ಅಳೆಯಲು ತೊಡಗುವುದು. ಅಳೆಯುವಾಗ ಯಾರೂ ಮಾತನಾಡುವಂತಿರಲಿಲ್ಲ. ಮೊದಲ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಸುರಿಯುತ್ತಿದ್ದರು. ಒಂದೆಂದರೆ ಒಂಟಿ, ಒಂದೆಂದರೆ ಅಷ್ಟಕ್ಕೇ ಮುಗಿಯಿತು ಎಂಬ ಭಾವನೆ. ಬದಲಿಗೆ ಶುಭದ ಮಾತು. ಇಪ್ಪತ್ತು ಕೊಳಗವಾದರೆ ಒಂದು ಖಂಡುಗ. ಪ್ರತಿ ಖಂಡುಗಕ್ಕೂ ಒಂದು ಹಿಡಿ ಕಾಳನ್ನು ಪಕ್ಕದಲ್ಲಿ ಗುಪ್ಪೆಯಾಗಿ ಇಡುವುದು. ಕೊನೆಯಲ್ಲಿ ಆ ಗುಪ್ಪೆಗಳನ್ನು ಎಣಿಸಿದರೆ ವರ್ಷದ ಲೆಕ್ಕ. ಕಾಗದವೂ ಇಲ್ಲ, ಸೀಸದಕಡ್ಡಿಯೂ ಇಲ್ಲ.

ನಮ್ಮ ಸೀಮೆಯಲ್ಲಿ ತೆಲುಗು ಮನೆಮಾತಿನವರು ಬಹಳ. ಅವರ ಕಣದಲ್ಲಿ ಇನ್ನೊಂದು ಸ್ವಾರಸ್ಯವಿತ್ತು. ತೆಲುಗಿನಲ್ಲಿ ಏಳಕ್ಕೆ ‘ಏಡು’ ಎನ್ನುತ್ತಾರೆ. ‘ಅಳು’ ಎಂಬುದಕ್ಕೂ ಅದೇ ಮಾತು. ರಾಶಿಯ ಮುಂದೆ ಕುಳಿತು ‘ಅಳು’ ಎನ್ನುವುದುಂಟೇ? ಆರಾದ ಮೇಲೆ ‘ಆರುನ್ನೊಕಟಿ’, ಅಂದರೆ ಆರು ಮತ್ತೊಂದು, ಎಂದು ಸುರಿದು ಎಂಟಕ್ಕೆ ಹೋಗುತ್ತಿದ್ದರು. ಅಳುವುದಕ್ಕೆ ತೆಲುಗಿನವರು ತಮಾಷೆಗಾಗಿ ‘ಆರುನ್ನೊಕ್ಕ ರಾಗ’ ಎನ್ನುವುದು ಇದರಿಂದಲೇ. ಒಂದು ಸಂಖ್ಯೆಯನ್ನು ಮರೆಮಾಡಲು ಹೋಗಿ ಅದನ್ನೇ ಗಾದೆಯಾಗಿಸಿಕೊಂಡರು!

ಅಳತೆಯ ಪಾತ್ರೆಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಾಲ್ಕು ಚಟಾಕಿಗೆ ಒಂದು ಪಾವು, ಎರಡು ಪಾವಿಗೆ ಒಂದು ಅಚ್ಚೇರು, ಎರಡು ಅಚ್ಚೇರಿಗೆ ಒಂದು ಸೇರು. ಇದು ಕಾಳಿನ ಅಳತೆ. ತೂಕಕ್ಕೂ ಸೇರು ಎಂಬ ಹೆಸರೇ ಇತ್ತು. ಅದರಲ್ಲಿಯೂ 24 ತೊಲದ ಕಚ್ಚಾ ಸೇರು ಬೇರೆ, 80 ತೊಲದ ಪಕ್ಕಾ ಸೇರು ಬೇರೆ. ಐದು ಕಚ್ಚಾ ಸೇರು ಒಂದು ವೀಸೆ, ಎಂಟು ವೀಸೆ ಒಂದು ಮಣ. ಊರಿಂದ ಊರಿಗೆ ಕೊಳಗದ ಗಾತ್ರ ಬದಲಾಗುತ್ತಿತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನೆಲ್ಲ ಸುತ್ತಿ ಬರೆದ ಪುಸ್ತಕ 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಪ್ರಕಟವಾಯಿತು. ಶಿರಾ, ಮಧುಗಿರಿ, ಗುಬ್ಬಿಗಳ ಮೂಲಕವೂ ಆತ ಹಾದುಹೋದ. ಹೋದ ಹೋದಲ್ಲಿ ಆತ ಅಳತೆ, ತೂಕ, ನಾಣ್ಯಗಳನ್ನು ವಿಚಾರಿಸಿ ಬರೆದುಕೊಂಡಿದ್ದಾನೆ. ಬರೆದುಕೊಳ್ಳದೆ ವಿಧಿಯಿರಲಿಲ್ಲ. ಇಲ್ಲಿಯ ಕೊಳಗ ಅಲ್ಲಿಯ ಕೊಳಗವಲ್ಲವಷ್ಟೆ.

ಪಾತ್ರೆ ಒಂದೇ ಆದರೂ ಅಳೆಯುವ ಕೈ ಒಂದೇ ಅಲ್ಲ. ಬಾಯಿಮಟ್ಟಕ್ಕೆ ಕೈಯಿಂದ ಸವರಿ ಅಳೆಯುವುದು ಒಂದು ರೀತಿ. ಮೇಲೆ ಶಿಖರ ನಿಲ್ಲುವಂತೆ ಅಳೆಯುವುದು ಇನ್ನೊಂದು ರೀತಿ. ನನ್ನಲ್ಲಿ ಓದಿದವರಿಗೆ ಶಂಕುವಿನ ಘನಫಲದ ಪಾಠ ನೆನಪಿರಬಹುದು. ತರಗತಿಗೆ ನಾನೊಂದು ಕಬ್ಬಿಣದ ಸೇರು, ಒಂದು ಚೀಲ ರಾಗಿ ತರುತ್ತಿದ್ದೆ. ಶಿಖರದ ಕಾಳನ್ನು ಮಾತ್ರ ಬೇರೆ ತೆಗೆದು ಕೂಡಿಸುತ್ತ ಹೋದರೆ ಸುಮಾರು ಹನ್ನೆರಡು ಸೇರಿಗೆ ಒಂದು ಸೇರು ಹೆಚ್ಚಾಗಿ ಬರುತ್ತಿತ್ತು. ಪಾತ್ರೆಯ ಬಾಯಿ ಎರಡರಷ್ಟು ಅಗಲವಾದರೆ ಶಿಖರ ಎಂಟರಷ್ಟಾಗುತ್ತದೆ. ಆದುದರಿಂದ ಒಂದೇ ಪ್ರಮಾಣ ಹಿಡಿಯುವ ಎರಡು ಪಾತ್ರೆಗಳಲ್ಲಿ ಎತ್ತರದ್ದು ಒಬ್ಬನಿಗೆ, ಅಗಲಬಾಯಿಯದು ಇನ್ನೊಬ್ಬನಿಗೆ ಅನುಕೂಲ. ನೀವೆಲ್ಲ ನಕ್ಕು, ಆಮೇಲೆ ಆ ರಾಗಿಯನ್ನು ನೆಲದ ತುಂಬ ಚೆಲ್ಲಿ, ಜವಾನನಿಂದ ನನಗೆ ಬೈಗುಳ ಕೇಳಿಸಿದ್ದು ಬೇರೆ ಕಥೆ.

ಈ ಶಿಖರದ ಕಥೆ ನನಗೆ ಪಾಠಪುಸ್ತಕದಿಂದ ತಿಳಿದದ್ದಲ್ಲ. ಆಷಾಢ ಶ್ರಾವಣಗಳಲ್ಲಿ ವಾಡೆಯ ರಾಗಿ ಮುಗಿದವರು ಊರಿನ ಸಾಹುಕಾರರೊಬ್ಬರ ಮನೆಯಿಂದ ಕಾಳು ತರುತ್ತಿದ್ದರು. ಒಂದಕ್ಕೆ ಒಂದೂಕಾಲು, ಕೆಟ್ಟ ವರ್ಷ ಒಂದೂವರೆ, ಸುಗ್ಗಿಯಲ್ಲಿ ಹಿಂದಕ್ಕೆ ಕೊಡಬೇಕು. ಕೊಡುವಾಗ ಬಾಯಿಮಟ್ಟ ಸವರಿ ಕೊಡುವರು, ಅದೂ ಹೆಬ್ಬೆರಳು ಪಾತ್ರೆಯ ಒಳಗಿರುತ್ತಿತ್ತು. ತೆಗೆದುಕೊಳ್ಳುವಾಗ ಕಾಳು ಸುತ್ತ ಉದುರುವ ತನಕ ಶಿಖರ. ಉದುರಿದ್ದು ಅಳೆದವನ ಪಾಲು. ಅಲ್ಲಿಯೂ ಮೊದಲ ಪಾತ್ರೆಗೆ ‘ಲಾಭ’ ಎಂದೇ ಕೂಗುತ್ತಿದ್ದರು! ಹಿಂದಿನ ಕಾಲವೆಂದರೆ ನಂಬಿಕೆಯ ಕಾಲ, ಈಗಿನದು ಮೋಸದ ಕಾಲ ಎಂದು ನನ್ನ ವಯಸ್ಸಿನವರು ಹೇಳುವಾಗ ನನಗೆ ಆ ಹೆಬ್ಬೆರಳು ಕಾಣುತ್ತದೆ. ತಕ್ಕಡಿಯ ತಟ್ಟೆಯ ಅಡಿಯಲ್ಲಿ ಹುಣಸೆಹಣ್ಣು ಅಂಟಿಸುವ ವಿದ್ಯೆಯೂ ಆ ಕಾಲದ್ದೇ.

ಇನ್ನು ಸಂತೆ. ನಮ್ಮ ನಾಡಿನಲ್ಲಿ ಸಂತೆಯಿಂದಲೇ ಹೆಸರಾದ ಊರುಗಳು ಎಷ್ಟಿಲ್ಲ! ಸಂತೇಬೆನ್ನೂರು, ಸಂತೆಮರಹಳ್ಳಿ, ಭೈರಪ್ಪನವರು ಹುಟ್ಟಿದ ಸಂತೇಶಿವರ, ಕೊಡಗಿನಲ್ಲಿ ಶನಿವಾರಸಂತೆ. ಶಾಸನಗಳಲ್ಲಿ ಸಂತೆಯ ಸುಂಕವನ್ನು ದೇವಾಲಯಕ್ಕೆ ಬಿಟ್ಟುಕೊಟ್ಟ ಉಲ್ಲೇಖಗಳು ಹೇರಳ. ಅಯ್ಯಾವೊಳೆ, ಅಂದರೆ ಇಂದಿನ ಐಹೊಳೆಯ ಹೆಸರು ಹೊತ್ತ ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣದೇಶದಲ್ಲೆಲ್ಲ ವ್ಯಾಪಾರ ನಡೆಸಿ, ತಮ್ಮ ಸರಕಿನ ಹೇರಿಗೆ ಇಷ್ಟು ಎಂದು ದಾನ ಬಿಟ್ಟದ್ದನ್ನು ಕಲ್ಲಿನಲ್ಲಿ ಬರೆಯಿಸಿದೆ. ಆ ಶಾಸನಗಳಲ್ಲಿ ದೊಡ್ಡ ಸುಂಕಕ್ಕೆ ‘ಹೆಜ್ಜುಂಕ’, ಸಣ್ಣಪುಟ್ಟ ಸುಂಕಗಳಿಗೆ ‘ಕಿರುಕುಳ’ ಎಂಬ ಹೆಸರುಗಳಿವೆ. ಹೆಜ್ಜುಂಕ ಮರೆತುಹೋಯಿತು, ಕಿರುಕುಳ ಮಾತ್ರ ಉಳಿದುಕೊಂಡಿತು. ದಾರಿಯುದ್ದಕ್ಕೂ ಸಣ್ಣ ಸುಂಕ ತೆತ್ತವರೇ ಆ ಪದಕ್ಕೆ ಈಗಿನ ಅರ್ಥ ಕೊಟ್ಟಿರಬೇಕು ಎಂದು ನನ್ನ ಊಹೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನೂ ಅವರೇ ಕಟ್ಟಿರಬಹುದು.

ನಮ್ಮ ಹೋಬಳಿಯ ಸಂತೆ ಬುಧವಾರ. ನಮ್ಮಜ್ಜಿ ಹಿತ್ತಲಿನ ಸೊಪ್ಪು, ಹುಣಸೆಹಣ್ಣು, ಕೆಲವೊಮ್ಮೆ ಬೆಣ್ಣೆ ಇಟ್ಟುಕೊಂಡು ಹುಣಸೆಮರದ ಬುಡದಲ್ಲಿ ಕೂರುತ್ತಿದ್ದರು. ನಾನು ಕೈಕೆಲಸಕ್ಕೆ. ಮೊದಲ ವ್ಯಾಪಾರಕ್ಕೆ ‘ಬೋಣಿ’ ಎನ್ನುವುದು ಈಗಲೂ ಇದೆ. ಬೋಣಿಯ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸುವಂತಿರಲಿಲ್ಲ, ಸಾಲ ಹೇಳುವಂತಿರಲಿಲ್ಲ. ಸಿಕ್ಕ ಕಾಸನ್ನು ಕಣ್ಣಿಗೊತ್ತಿ, ಬುಟ್ಟಿಗೆ ಮುಟ್ಟಿಸಿ, ಸೆರಗಿನ ಗಂಟಿಗೆ ಹಾಕುವುದು. ಚೌಕಾಸಿಯಲ್ಲಿ ಪಳಗಿದ ಹೆಂಗಸರು ಇದನ್ನರಿತೇ ಬೆಳಗ್ಗೆ ಬೇಗ ಬರುತ್ತಿದ್ದರು. ಬೋಣಿಯ ಹೊತ್ತಿನಲ್ಲಿ ಮಾರುವವಳು ಸೋಲಲೇಬೇಕು. ಸಂಜೆ ದೀಪ ಹಚ್ಚಿದ ಮೇಲೆ ಉಪ್ಪು, ಸೂಜಿ, ಸುಣ್ಣಗಳನ್ನು ಕೊಡುತ್ತಿರಲಿಲ್ಲ. ಹೂವು ಮೊಳದ ಲೆಕ್ಕ, ಮಾರಿನ ಲೆಕ್ಕ. ಮೊಳ ಯಾರದು? ಮಾರುವವಳದು. ಕುಳ್ಳಗಿನ ಹೂವಾಡಗಿತ್ತಿಯ ಬಳಿ ನಮ್ಮಜ್ಜಿ ಹೂವು ಕೊಂಡದ್ದನ್ನು ನಾನು ಕಂಡಿಲ್ಲ.

ವ್ಯಾಪಾರ ಮುಗಿದ ಮೇಲೆ ‘ಕೊಸರು’. ಅಳೆದದ್ದರ ಮೇಲೆ ಒಂದು ಹಿಡಿ, ತೂಗಿದ್ದರ ಮೇಲೆ ಒಂದು ಚೂರು. ಕೊಸರು ಕೇಳದೆ ಎದ್ದುಹೋದ ಗಿರಾಕಿಯನ್ನು ಅಜ್ಜಿ ಕರೆದು ಕೊಡುತ್ತಿದ್ದರು. ಕೊಸರಿಲ್ಲದೆ ಹೋದರೆ ವ್ಯಾಪಾರ ಮುರಿದಂತೆ ಎಂಬುದು ಅವರ ನಂಬಿಕೆ. ಈಗ ಬೀದಿಯ ತರಕಾರಿಯವಳು ಫೋನಿನಲ್ಲಿ ದುಡ್ಡು ಹಾಕಿಸಿಕೊಂಡರೂ ಕೊನೆಗೆ ಚೀಲಕ್ಕೆ ನಾಲ್ಕು ಎಸಳು ಕರಿಬೇವು ಹಾಕುತ್ತಾಳಲ್ಲ, ಅದೇ.

ಬಳೆಗಾರನ ರೀತಿಯೇ ಬೇರೆ. ಅವನು ಸಂತೆಗೆ ಕೂರುವವನಲ್ಲ, ಮನೆಗೆ ಬರುವವನು. ಬಳೆ ತೊಡಿಸಿಕೊಂಡ ಮೇಲೆ ಅವನ ಬಳಿ ಚೌಕಾಸಿ ಮಾಡಬಾರದು. ಮೊರದಲ್ಲಿ ರಾಗಿ, ಬೆಲ್ಲ, ಎಲೆ ಅಡಿಕೆ ಇಟ್ಟು ಕೊಡುತ್ತಿದ್ದರು. ಹೆಣ್ಣುಮಕ್ಕಳ ತವರಿನ ಸುದ್ದಿ ತರುವವನೂ ಅವನೇ. ಜನಪದ ಹಾಡಿನಲ್ಲಿ ಅವನನ್ನು ತವರಿಗೆ ಕಳುಹಿಸುವುದು ಸುಮ್ಮನೆ ಅಲ್ಲ. ಕುಂಬಾರರಿಂದ ಮಡಕೆ ತಂದರೆ ಆ ಮಡಕೆ ಹಿಡಿಸುವಷ್ಟು ಕಾಳೇ ಅದರ ಬೆಲೆ. ಇದಕ್ಕಿಂತ ಸುಲಭವಾದ ಲೆಕ್ಕವನ್ನು ನಾನು ಕಂಡಿಲ್ಲ.

ಈಗ ದನದ ಜಾತ್ರೆಗೆ ಬರುತ್ತೇನೆ. ನಮ್ಮ ಮನೆಯ ಮಾತೂ ಅದರಲ್ಲಿದೆ, ಸಂಬಂಧಿಕರಲ್ಲಿ ಹಿರಿಯರಿಗೆ ತಿಳಿದದ್ದೇ.

1957ರ ಶಿವರಾತ್ರಿಯ ಸಮಯ. ದೊಡ್ಡಕ್ಕನ ಮದುವೆ ಗೊತ್ತಾಗಿತ್ತು. ಒಂದು ಜೊತೆ ಹಳ್ಳಿಕಾರ್ ಎತ್ತುಗಳನ್ನು ಮಾರಲು ಅಪ್ಪ ಸಿದ್ಧಗಂಗೆಯ ಜಾತ್ರೆಗೆ ಹೊರಟರು. ಹತ್ತು ವರ್ಷದ ನಾನೂ ಗಾಡಿ ಹತ್ತಿದೆ. ಕೊಳ್ಳುವವರು ಬಂದು ಎತ್ತಿನ ತುಟಿ ಎತ್ತಿ ಹಲ್ಲು ನೋಡುವರು: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಬಾಯಿಗೂಡಿದ್ದು. ಮೈಮೇಲಿನ ಸುಳಿ ನೋಡುವರು. ಕೆಟ್ಟ ಸುಳಿಯಿದ್ದರೆ ಎಂಥ ಎತ್ತಾದರೂ ಮುಟ್ಟುವುದಿಲ್ಲ. ಆಮೇಲೆ ದಲ್ಲಾಳಿ. ಹೆಗಲ ಮೇಲಿನ ಟವೆಲನ್ನು ಕೈಮೇಲೆ ಹೊದಿಸಿ, ಅದರ ಅಡಿಯಲ್ಲಿ ಅಪ್ಪನ ಬೆರಳು ಹಿಡಿದು ಬೆಲೆ ಕೇಳುವನು. ಒಂದು ಬೆರಳೆಂದರೆ ಒಂದು, ಇಡೀ ಕೈ ಹಿಡಿದರೆ ಐದು. ನೂರೋ ಹತ್ತೋ ಎಂಬುದನ್ನು ಮಾತ್ರ ಬಾಯಲ್ಲಿ ಹೇಳುವುದು. ಸುತ್ತ ಇಪ್ಪತ್ತು ಜನ ನಿಂತಿದ್ದರೂ ಬೆಲೆ ಇಬ್ಬರಿಗೇ ಗೊತ್ತು. ನಾಲ್ಕು ಬೆರಳು, ‘ನೂರು’. ಇಡೀ ಕೈ, ಮತ್ತೊಂದು ಬೆರಳು, ‘ಹತ್ತು’. ಅಂದರೆ 460 ರೂಪಾಯಿ. ಅಪ್ಪ ತಲೆಯಾಡಿಸಿದರು.

ಕೊಂಡವರು ಗುಬ್ಬಿಯ ಕಡೆಯ ರೈತರು. ಒಂದು ರೂಪಾಯಿಯನ್ನು ಎಲೆಯ ಮೇಲಿಟ್ಟು ಅಪ್ಪನ ಕೈಗೆ ಕೊಟ್ಟು, ಉಳಿದ ಹಣ ತರಲು ತಮ್ಮವರ ಬಿಡಾರಕ್ಕೆ ಹೋದರು. ಹೋಗುವ ಮುನ್ನ ತಮ್ಮ ಹಗ್ಗವನ್ನು ಎತ್ತಿಗೆ ಕಟ್ಟಿದರು, ಅಪ್ಪ ನಮ್ಮ ಹಗ್ಗವನ್ನು ಬಿಚ್ಚಿಕೊಂಡರು. ಮಾರಿದ ಎತ್ತಿನ ಜೊತೆ ಹಗ್ಗ ಕೊಡಬಾರದು, ಕೊಟ್ಟರೆ ಕೊಟ್ಟಿಗೆ ಬರಿದಾಗುತ್ತದೆ ಎಂಬುದು ನಮ್ಮ ಮನೆಯ ನಡವಳಿಕೆ.

ಆ ಒಂದು ರೂಪಾಯಿಗೆ ‘ಸಂಚಕಾರ’ ಎಂದು ಹೆಸರು. ಸಂಸ್ಕೃತದ ಸತ್ಯಂಕಾರವೇ ನಮ್ಮ ಬಾಯಲ್ಲಿ ಸಂಚಕಾರವಾದದ್ದು. ವ್ಯವಹಾರವನ್ನು ಸತ್ಯ ಮಾಡುವುದು ಎಂದು ಅರ್ಥ. ಯಾಜ್ಞವಲ್ಕ್ಯಸ್ಮೃತಿಯಲ್ಲಿಯೇ ಅದರ ಪ್ರಸ್ತಾಪವಿದೆ: ಸತ್ಯಂಕಾರ ಪಡೆದು ಮಾತು ತಪ್ಪಿದವನು ಅದರ ಎರಡರಷ್ಟನ್ನು ಹಿಂದಿರುಗಿಸಬೇಕು. ಇಂದು ನಾವು ‘ಪ್ರಾಣಕ್ಕೆ ಸಂಚಕಾರ’ ಎಂದು ಮಾತ್ರ ಆ ಪದವನ್ನು ಬಳಸುತ್ತೇವೆ. ಮುಂಗಡ ಹಿಡಿದವನು ಬಿಡಿಸಿಕೊಳ್ಳಲಾರದೆ ಒದ್ದಾಡಿದ್ದರಿಂದ ಆ ಅರ್ಥ ಬಂದಿತೋ ಏನೋ. ಅಂದು ಮಧ್ಯಾಹ್ನ ನಮ್ಮ ಗಾಡಿಯ ನೆರಳಿನಲ್ಲಿ ನಾನು ನೋಡಿದ್ದಂತೂ ಅದೇ ಒದ್ದಾಟ.

ಗುಬ್ಬಿಯವರು ಬರುವುದು ತಡವಾಯಿತು. ಅಷ್ಟರಲ್ಲಿ ಬಳ್ಳಾರಿ ಕಡೆಯ ಇನ್ನೊಬ್ಬರು ಎತ್ತುಗಳನ್ನು ನೋಡಿ ಮೋಹಗೊಂಡರು. ಟವೆಲು ಹೊದಿಸಲೂ ಇಲ್ಲ, ಬಾಯಿಬಿಟ್ಟೇ ಹೇಳಿದರು, ಐನೂರು. ದಲ್ಲಾಳಿ ಅಪ್ಪನ ಕಿವಿಯಲ್ಲಿ, “ಸಂಚಕಾರದ ಒಂದು ರೂಪಾಯಿಗೆ ಎರಡು ಬಿಸಾಕಿ ಗೌಡ್ರೇ. ಹಿಂದಿನಿಂದ ಬಂದದ್ದೇ ಈ ಪದ್ಧತಿ, ಪಾಪ ಏನಿಲ್ಲ” ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಸ್ಮೃತಿಯೇ ಕೊಟ್ಟ ದಾರಿ ಅದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರ ಹಗ್ಗ ಬಿದ್ದಾಯ್ತಲ್ಲಪ್ಪ” ಎಂದರು. ಅಷ್ಟೇ. ಗುಬ್ಬಿಯವರು ಹೊತ್ತು ಇಳಿಯುವ ವೇಳೆಗೆ ಬಂದು, 459 ರೂಪಾಯಿ ಎಣಿಸಿ, ಎತ್ತು ಹೊಡೆದುಕೊಂಡು ಹೋದರು. ಎಣಿಕೆಯಲ್ಲಿ ಮೊದಲ ನೋಟಿಗೆ ಅವರೂ ‘ಲಾಭ’ ಎಂದರು.

ಮನೆಗೆ ಬಂದು ಅಪ್ಪ ಹಗ್ಗವನ್ನು ಕೊಟ್ಟಿಗೆಯ ಗೂಟಕ್ಕೆ ತೂಗುಹಾಕಿದರು. ನಡೆದದ್ದನ್ನು ನಾನೇ ಅಜ್ಜಿಗೆ ಒದರಿಬಿಟ್ಟೆ. ನಲವತ್ತು ರೂಪಾಯಿ ಎಂದರೆ ಅಂದಿಗೆ ಅಕ್ಕನ ಓಲೆಗಾಗುವಷ್ಟು ಚಿನ್ನ. ಅಜ್ಜಿ ಕೂಗಾಡಲಿಲ್ಲ. “ನಲವತ್ತು ರೂಪಾಯಿನ ಹಗ್ಗ ತಂದಿದೀಯ ಮಗಾ, ಜೋಪಾನವಾಗಿಟ್ಕೊ” ಎಂದರು. ಅಪ್ಪ, “ಆಗ್ಲಿ ಕಣವ್ವ” ಎಂದರು. ಅಕ್ಕನಿಗೆ ಅಜ್ಜಿಯ ಹಳೆಯ ಓಲೆಯನ್ನೇ ಹೊಳಪು ಹಾಕಿಸಿ ಇಟ್ಟರು. ನಾನು ಬಹಳ ವರ್ಷ ಅಪ್ಪನದೇ ಸರಿ ಎಂದುಕೊಂಡಿದ್ದೆ, ನೀತಿಪಾಠದ ತರಗತಿಯಲ್ಲಿ ಹೆಮ್ಮೆಯಿಂದ ಹೇಳಿಯೂ ಇದ್ದೇನೆ. ನನ್ನ ಹೆಣ್ಣುಮಕ್ಕಳ ಮದುವೆ ಮಾಡುವಾಗ ಅಜ್ಜಿಯ ಮಾತೂ ಅರ್ಥವಾಯಿತು. ಮಾತು ಕೊಟ್ಟವರು ಅಪ್ಪ, ಓಲೆ ಬಿಚ್ಚಿಕೊಟ್ಟವರು ಅಜ್ಜಿ.

ಅದೇ ವರ್ಷ ಏಪ್ರಿಲ್ 1ರಂದು ನಯಾ ಪೈಸೆ ಬಂದಿತು. ಅಲ್ಲಿಯವರೆಗೆ ಹನ್ನೆರಡು ಕಾಸಿಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ. ಈಗ ರೂಪಾಯಿಗೆ ನೂರು. ಒಂದಾಣೆಗೆ ಲೆಕ್ಕದ ಪ್ರಕಾರ ಆರೂಕಾಲು ಪೈಸೆ ಆಗಬೇಕು. ಕಾಲು ಪೈಸೆಯ ನಾಣ್ಯವಿಲ್ಲದ್ದರಿಂದ ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಎಂದು ಗೊತ್ತುಮಾಡಿದ್ದರು. ಮೂರು ಕಾಸಿಗೆ 2 ಪೈಸೆ. ನಮ್ಮ ಮೇಷ್ಟರು ಆ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರು. ಬುಧವಾರ ಸಂತೆಯಲ್ಲಿ ಅಜ್ಜಿಯ ಪಕ್ಕ ಕುಳಿತು ನಾನೇ ಹಣಕಾಸಿನ ಮಂತ್ರಿಯಾದೆ. ತೂಕ, ಅಳತೆಗಳ ಸರದಿ ಆಮೇಲೆ, 1958ರ ಅಕ್ಟೋಬರಿನಿಂದ ಹಂತಹಂತವಾಗಿ ಬಂದಿತು. ಸೇರು ಹೋಗಿ ಕಿಲೋ ಬಂದಾಗ ಸಾಹುಕಾರರ ಅಗಲಬಾಯಿಯ ಪಾತ್ರೆಗೆ ಕೆಲಸ ತಪ್ಪಿತು. ಅದಕ್ಕಾಗಿ ನಾನು ಆ ಕಾಯಿದೆಗೆ ಕೃತಜ್ಞ. ಆದರೆ ಹೆಸರುಗಳು ಅಷ್ಟು ಬೇಗ ಸಾಯುವುದಿಲ್ಲ. 2011ರಲ್ಲಿ 25 ಪೈಸೆಯ ನಾಣ್ಯವನ್ನು ಹಿಂತೆಗೆದುಕೊಳ್ಳುವ ತನಕವೂ ಜನ ಅದನ್ನು ನಾಲ್ಕಾಣೆ ಎಂದೇ ಕರೆದರು.

ಅಜ್ಜಿಯ ಸೊಪ್ಪಿನ ಕಟ್ಟು ಒಂದಾಣೆಯದು. ಆ ಮೊದಲ ಬುಧವಾರ ಹದಿನಾರು ಕಟ್ಟು ಮಾರಿದ ಮೇಲೆ ಸೆರಗಿನ ಗಂಟು ಬಿಚ್ಚಿ, “ರೂಪಾಯಿ ಆಯ್ತು ನೋಡು” ಎಂದರು. ನಾನು ಎಣಿಸಿದೆ: ಲಾಭ, ಎರಡು, ಮೂರು... 96 ಪೈಸೆ. ಮತ್ತೆ ಎಣಿಸಿದೆ. 96. “ಹದಿನಾರು ಕಟ್ಟಿಗೆ ಹದಿನಾರಾಣೆ. ಹದಿನಾರಾಣೆಗೆ ಒಂದು ರೂಪಾಯಿ. ಉಳಿದ ನಾಲ್ಕು ಎಲ್ಲಿ ಹೋಯ್ತು ಮಗಾ?” ಎಂದರು ಅಜ್ಜಿ. ನಾನು ಪಟ್ಟಿಯನ್ನು ಒಪ್ಪಿಸಿದೆ, ಕಾಲು ಪೈಸೆಯ ಕಥೆ ಹೇಳಿದೆ. “ಶೆಟ್ಟರ ಅಂಗಡೀಲಿ ನೀನು ಮೂರು ಕಾಸಿನ ಪುರಿ ನಾಲ್ಕು ಸಲ ತಗೊಂಡ್ರೆ?” ಎಂದು ಕೇಳಿದರು. ಎಂಟು ಪೈಸೆ, ಎಂದೆ. “ಮೊದಲು ಒಂದಾಣೆ ಆಗ್ತಿತ್ತಲ್ಲ. ಒಂದಾಣೆ ಅಂದ್ರೆ ಆರು ಅಂದೆಯಲ್ಲ ಈಗ.” ನನ್ನ ಬಳಿ ಉತ್ತರವಿರಲಿಲ್ಲ. ಓದು ಬರಹ ಬಾರದ ಆಕೆ ಮಾರುವಾಗ ನಾಲ್ಕು ಕಳೆದುಕೊಂಡು ಕೊಳ್ಳುವಾಗ ಎರಡು ಕಳೆದುಕೊಂಡದ್ದನ್ನು ಒಂದು ಸಂತೆಯೊಳಗೆ ಕಂಡುಹಿಡಿದಿದ್ದರು.

ಮುಂದಿನ ಬುಧವಾರದಿಂದ ಅಜ್ಜಿ ಒಂದಾಣೆಯ ಗಿರಾಕಿಗೆ ಕೊಸರು ಕೊಡುವುದನ್ನು ನಿಲ್ಲಿಸಿದರು. ನಾಲ್ಕು ಕಟ್ಟು ಒಟ್ಟಿಗೆ ಕೊಂಡು 25 ಪೈಸೆ ಕೊಟ್ಟವರಿಗೆ ಮಾತ್ರ ಕರೆದು ಹಾಕುತ್ತಿದ್ದರು.